ಬೃಹತ್ ವಸ್ತುಗಳ ಲೇಸರ್ ಅಳತೆ: ನಿಖರತೆಯ ಅರ್ಥ ಮತ್ತು ಮಿತಿ

ದೊಡ್ಡ ವಸ್ತುವೊಂದನ್ನು ಸರಿಯಾಗಿ ಅಳೆಯುವುದು ಎಷ್ಟು ಕಠಿಣವಾದ ಕಾರ್ಯವೆಂಬುದಕ್ಕೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿರುವ ದಾವೀದನ ಪ್ರತಿಮೆ ಒಳ್ಳೆಯ ನಿದರ್ಶನವಾಗಿದೆ. ಮೈಕೆಲೆಂಜಲೊ 1504ರಲ್ಲಿ ಪೂರ್ಣಗೊಳಿಸಿದ ಈ ಅಮೃತಶಿಲೆಯ ಪ್ರತಿಮೆಯನ್ನು ಐದು ಶತಮಾನಗಳಿಂದ ಕಲಾವಿದರೂ ವಿದ್ವಾಂಸರೂ ಅಭ್ಯಾಸ ಮಾಡುತ್ತ ಬಂದಿದ್ದಾರೆ. ಆದರೂ ಅದರ ಎತ್ತರ 4.34 ಮೀಟರ್ ಎಂದು ಅನೇಕ ಗ್ರಂಥಗಳಲ್ಲಿ ನಮೂದಾಗಿತ್ತು. 1999ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಲೆವಾಯ್ ಅವರ ನೇತೃತ್ವದ ತಂಡವು ಲೇಸರ್ ಕಿರಣಗಳ ನೆರವಿನಿಂದ ಅದನ್ನು ಅಳೆದಾಗ, ಪೀಠವನ್ನು ಬಿಟ್ಟು ಅದರ ಎತ್ತರ 5.17 ಮೀಟರ್ ಎಂದು ತಿಳಿದುಬಂದಿತು. ಅಚ್ಚಾದ ಅಂಕಿಯನ್ನು ನಂಬಿ ಸಿದ್ಧಪಡಿಸಿದ್ದ ಯಂತ್ರದ ಚೌಕಟ್ಟಿನ ಎತ್ತರವನ್ನು ಸ್ಥಳದಲ್ಲಿಯೇ ಹೆಚ್ಚಿಸಬೇಕಾಯಿತು.

ಇಂತಹ ಗೊಂದಲ ನಮ್ಮ ನಾಡಿಗೂ ಹೊಸದಲ್ಲ. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯ ಎತ್ತರವನ್ನು ಬುಕಾನನ್ 70 ಅಡಿ 3 ಅಂಗುಲ ಎಂದೂ, ಆರ್ಥರ್ ವೆಲ್ಲೆಸ್ಲಿ 60 ಅಡಿ 3 ಅಂಗುಲ ಎಂದೂ ತಿಳಿಸಿದ್ದರು. ಮುಂದೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರು ಅಟ್ಟಣೆ ಕಟ್ಟಿಸಿ ಅಳೆಯಿಸಿದಾಗ ದೊರೆತದ್ದು 57 ಅಡಿ. ಮೂರ್ತಿ ಬದಲಾಗಿರಲಿಲ್ಲ, ಅಳೆಯುವ ಬಗೆ ಬದಲಾಗಿತ್ತು.

ಇಂದು ಪ್ರತಿಮೆ, ದೇವಾಲಯ, ಸೇತುವೆ, ಸುರಂಗ, ಎಣ್ಣೆಯ ಸಂಗ್ರಹಣಾ ತೊಟ್ಟಿ, ಹಡಗು ಮೊದಲಾದ ಬೃಹತ್ ವಸ್ತುಗಳ ಮೂರು ಆಯಾಮದ ಪ್ರತಿರೂಪವನ್ನು ಗಣಕಯಂತ್ರದಲ್ಲಿ ರಚಿಸಲು ಲೇಸರ್ ಸ್ಕ್ಯಾನಿಂಗ್ ವಿಧಾನವನ್ನು ವ್ಯಾಪಕವಾಗಿ ಬಳಸಲಾಗುತ್ತಿದೆ. ಪರದೆಯ ಮೇಲೆ ಮೂಡುವ ಚಿತ್ರ ಎಷ್ಟು ಸೊಗಸಾಗಿರುತ್ತದೆಯೆಂದರೆ, ಅದು ಸಂಪೂರ್ಣ ಸತ್ಯವೆಂದು ನಂಬುವುದು ಸಹಜ. ಆದರೆ ಸೊಗಸು ನಿಖರತೆಗೆ ಸಾಕ್ಷಿಯಲ್ಲ. ಪ್ರತಿರೂಪವನ್ನು ಎಷ್ಟರ ಮಟ್ಟಿಗೆ ನಂಬಬಹುದು, ತಪ್ಪುಗಳು ಎಲ್ಲಿ ಹುಟ್ಟುತ್ತವೆ, ಅವುಗಳನ್ನು ಪರೀಕ್ಷಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಅಳೆಯುವ ವಿಧಾನಗಳು

ಲೇಸರ್ ಸ್ಕ್ಯಾನರ್ ಎಂಬುದು ಒಂದು ಬೆಳಕಿನ ಅಳತೆಗೋಲು. ತ್ರಿಪಾದಿಯ ಮೇಲೆ ನಿಲ್ಲಿಸಿದ ಈ ಯಂತ್ರವು ಕಿರಣವನ್ನು ವಸ್ತುವಿನ ಮೇಲೆ ಹಾಯಿಸಿ, ಅದು ಹಿಂದಿರುಗಲು ತೆಗೆದುಕೊಳ್ಳುವ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಯಂತ್ರದೊಳಗಿನ ಕನ್ನಡಿಯೂ ಯಂತ್ರವೂ ತಿರುಗುತ್ತಿರುವುದರಿಂದ ಕಿರಣವು ಸುತ್ತಲಿನ ಎಲ್ಲ ದಿಕ್ಕುಗಳಿಗೂ ಹರಿಯುತ್ತದೆ. ಪ್ರತಿ ಬಾರಿಯೂ ದೂರ, ಅಡ್ಡ ಕೋನ ಮತ್ತು ಲಂಬ ಕೋನಗಳು ದಾಖಲಾಗಿ ಒಂದು ಬಿಂದುವಿನ ಸ್ಥಾನ ನಿರ್ಧಾರವಾಗುತ್ತದೆ. ಹೀಗೆ ಸೆಕೆಂಡಿಗೆ ಲಕ್ಷಾಂತರ ಬಿಂದುಗಳು ಸಂಗ್ರಹವಾಗುತ್ತವೆ.

ಬೆಳಕು ಸೆಕೆಂಡಿಗೆ 29,97,92,458 ಮೀಟರ್ ವೇಗದಲ್ಲಿ ಚಲಿಸುತ್ತದೆ. ಆದುದರಿಂದ ದೂರದಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸವನ್ನು ಗುರುತಿಸಬೇಕಾದರೆ ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಸುಮಾರು ಏಳು ಭಾಗದಷ್ಟು ಅಲ್ಪ ಕಾಲವನ್ನು ಅಳೆಯಬೇಕಾಗುತ್ತದೆ. ಇದನ್ನು ಸಾಧಿಸಲು ಕೆಲವು ಯಂತ್ರಗಳು ಬೆಳಕಿನ ಏರಿಳಿತದ ಹಂತವನ್ನು ಹೋಲಿಸಿ ದೂರವನ್ನು ಕಂಡುಹಿಡಿಯುತ್ತವೆ.

ಹತ್ತಿರದ ಸೂಕ್ಷ್ಮ ಅಳತೆಗೆ ತ್ರಿಕೋನ ವಿಧಾನ ಹೆಚ್ಚು ಸೂಕ್ತ. ಇದರಲ್ಲಿ ಒಂದು ಕಡೆಯಿಂದ ಲೇಸರ್ ಗೆರೆಯನ್ನು ಬೀರಿ, ಮತ್ತೊಂದು ಕಡೆಯಿಂದ ಕ್ಯಾಮರಾದ ಮೂಲಕ ಅದನ್ನು ನೋಡಿ, ಉಂಟಾಗುವ ತ್ರಿಕೋನದಿಂದ ಆಳವನ್ನು ಲೆಕ್ಕಿಸಲಾಗುತ್ತದೆ. ದಾವೀದನ ಪ್ರತಿಮೆಯನ್ನು ಅಳೆದದ್ದು ಇದೇ ವಿಧಾನದಲ್ಲಿ. ಬಿಂದುವಿನಿಂದ ಬಿಂದುವಿಗೆ ಅಲ್ಲಿದ್ದ ಅಂತರ ಸುಮಾರು ಕಾಲು ಮಿಲಿಮೀಟರ್ ಮಾತ್ರ. ಆದರೆ ಈ ವಿಧಾನದಲ್ಲಿ ದೂರ ಎರಡರಷ್ಟಾದರೆ ತಪ್ಪು ನಾಲ್ಕರಷ್ಟಾಗುತ್ತದೆ. ಆದ್ದರಿಂದ ಇಡೀ ಕಟ್ಟಡದ ಅಳತೆಗೆ ಮೊದಲನೆಯ ವಿಧಾನವನ್ನೂ, ಕೆತ್ತನೆಯ ವಿವರಗಳಿಗೆ ಎರಡನೆಯ ವಿಧಾನವನ್ನೂ ಅನುಸರಿಸುವುದು ವಾಡಿಕೆ.

ಸೂಕ್ಷ್ಮತೆ ಬೇರೆ, ನಿಖರತೆ ಬೇರೆ

ಬಿಂದುಗಳು ಎಷ್ಟು ಒತ್ತೊತ್ತಾಗಿವೆ ಎಂಬುದು ಸೂಕ್ಷ್ಮತೆ. ಪ್ರತಿಯೊಂದು ಬಿಂದುವೂ ತನ್ನ ನಿಜವಾದ ಸ್ಥಾನಕ್ಕೆ ಎಷ್ಟು ಹತ್ತಿರವಿದೆ ಎಂಬುದು ನಿಖರತೆ. ಇವೆರಡನ್ನೂ ಒಂದೇ ಎಂದು ಭಾವಿಸುವುದರಿಂದ ಅನೇಕ ತಪ್ಪು ನಿರ್ಣಯಗಳಾಗುತ್ತವೆ. ಮಿಲಿಮೀಟರಿಗೊಂದು ಬಿಂದುವಿರುವ ಪ್ರತಿರೂಪದಲ್ಲಿಯೂ ಇಡೀ ಗೋಡೆ ಎರಡು ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುವುದು ಸಾಧ್ಯ.

ತಪ್ಪುಗಳಲ್ಲಿಯೂ ಎರಡು ಬಗೆಗಳಿವೆ. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆಯಾಗಿ ಬರುವ ಅನಿಯತ ದೋಷವು, ಅಳತೆಗಳ ಸಂಖ್ಯೆ ಹೆಚ್ಚಿದಂತೆ ಸರಾಸರಿಯಲ್ಲಿ ಬಹುಮಟ್ಟಿಗೆ ಕಳೆದುಹೋಗುತ್ತದೆ. ಯಾವಾಗಲೂ ಒಂದೇ ಕಡೆಗೆ ವಾಲುವ ವ್ಯವಸ್ಥಿತ ದೋಷ ಹಾಗೆ ಹೋಗುವುದಿಲ್ಲ. ಐವತ್ತು ಗ್ರಾಂ ಸವೆದ ಬಟ್ಟಿನಿಂದ ನೂರು ಬಾರಿ ತೂಗಿದರೂ ಗ್ರಾಹಕನಿಗೆ ಪ್ರತಿ ಬಾರಿಯೂ ಐವತ್ತು ಗ್ರಾಂ ನಷ್ಟವೇ.

ಇದರ ಪರಿಣಾಮವನ್ನು ಒಂದು ಲೆಕ್ಕದಿಂದ ಅರಿಯಬಹುದು. 40 ಮೀಟರ್ ವ್ಯಾಸ, 15 ಮೀಟರ್ ಎತ್ತರವಿರುವ ಎಣ್ಣೆಯ ತೊಟ್ಟಿಯೊಂದನ್ನು ಒಳಗಿನಿಂದ ಸ್ಕ್ಯಾನ್ ಮಾಡಿ ಅದರ ಗಾತ್ರವನ್ನು ನಿರ್ಧರಿಸಲಾಗುತ್ತಿದೆ ಎಂದು ಭಾವಿಸೋಣ. ಯಂತ್ರವು ಪ್ರತಿ ದೂರವನ್ನೂ ಐದು ಮಿಲಿಮೀಟರಿನಷ್ಟು ಹೆಚ್ಚಾಗಿ ತೋರಿಸುತ್ತಿದ್ದರೆ, ತೊಟ್ಟಿಯ ಲೆಕ್ಕದ ಗಾತ್ರ ನಿಜಕ್ಕಿಂತ ಸುಮಾರು 9,400 ಲೀಟರುಗಳಷ್ಟು ಹೆಚ್ಚಾಗುತ್ತದೆ. ಅಂದರೆ ಆ ತೊಟ್ಟಿ ತುಂಬಿದಾಗಲೆಲ್ಲ, ಇಲ್ಲದ ಎಣ್ಣೆ ಲೆಕ್ಕದ ಪುಸ್ತಕವನ್ನು ಸೇರುತ್ತದೆ. ಹತ್ತು ಲಕ್ಷ ಬಿಂದುಗಳ ಬದಲು ಹತ್ತು ಕೋಟಿ ಬಿಂದುಗಳನ್ನು ಅಳೆದರೂ ಈ ತಪ್ಪು ಒಂದು ಲೀಟರಿನಷ್ಟೂ ಕಡಿಮೆಯಾಗುವುದಿಲ್ಲ.

ತಪ್ಪುಗಳು ಹುಟ್ಟುವ ಬಗೆ

ಮೊದಲನೆಯ ಕಾರಣ ಯಂತ್ರವೇ. ಕೋನವನ್ನು ಅಳೆಯುವಾಗ ಆಗುವ ಅಲ್ಪ ತಪ್ಪು ದೂರ ಹೆಚ್ಚಿದಂತೆ ಹಿಗ್ಗುತ್ತದೆ. ಹತ್ತು ವಿಕಲೆಗಳಷ್ಟು, ಎಂದರೆ ಒಂದು ಡಿಗ್ರಿಯ 360ರಲ್ಲಿ ಒಂದು ಭಾಗದಷ್ಟು ತಪ್ಪು 20 ಮೀಟರ್ ದೂರದಲ್ಲಿ ಸುಮಾರು ಒಂದು ಮಿಲಿಮೀಟರ್ ಆದರೆ, 100 ಮೀಟರ್ ದೂರದಲ್ಲಿ ಸುಮಾರು ಐದು ಮಿಲಿಮೀಟರ್ ಆಗುತ್ತದೆ.

ಎರಡನೆಯ ಕಾರಣ ಕಿರಣದ ಅಗಲ. ಲೇಸರ್ ಕಿರಣವು ಸೂಜಿಮೊನೆಯಂತೆ ಇರುವುದಿಲ್ಲ. ಮುಂದೆ ಸಾಗಿದಂತೆ ಅಗಲವಾಗುತ್ತದೆ. ಮೀಟರಿಗೆ 0.3 ಮಿಲಿಮೀಟರಿನಂತೆ ಅಗಲವಾಗುವ ಕಿರಣವು 100 ಮೀಟರ್ ದೂರದಲ್ಲಿ ಮೂರು ಸೆಂಟಿಮೀಟರಿಗೂ ಹೆಚ್ಚು ಅಗಲದ ಚುಕ್ಕೆಯಾಗುತ್ತದೆ. ಆ ಚುಕ್ಕೆಯ ಅರ್ಧ ಭಾಗ ಕಂಬದ ಅಂಚಿನ ಮೇಲೂ ಉಳಿದರ್ಧ ಹಿಂದಿನ ಗೋಡೆಯ ಮೇಲೂ ಬಿದ್ದರೆ, ಯಂತ್ರವು ಇವೆರಡರ ನಡುವೆ, ಏನೂ ಇಲ್ಲದ ಕಡೆ ಒಂದು ಬಿಂದುವನ್ನು ದಾಖಲಿಸುತ್ತದೆ. ಇಂತಹ ಹುಸಿ ಬಿಂದುಗಳನ್ನು ಆರಿಸಿ ತೆಗೆಯದಿದ್ದರೆ ಅಂಚುಗಳು ಮಸುಕಾಗುತ್ತವೆ.

ಮೂರನೆಯದು ವಸ್ತುವಿನ ಮೇಲ್ಮೈ. ಕಪ್ಪು ಬಣ್ಣ ಬೆಳಕನ್ನು ಹೀರಿಕೊಳ್ಳುತ್ತದೆ. ನಯಗೊಳಿಸಿದ ಲೋಹ ಅದನ್ನು ಬೇರೆ ಕಡೆಗೆ ತಿರುಗಿಸುತ್ತದೆ. ಗಾಜು ಮತ್ತು ನೀರು ಅದನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಕಿರಣವು ಓರೆಯಾಗಿ ಬಿದ್ದಷ್ಟೂ ಅಳತೆ ದುರ್ಬಲವಾಗುತ್ತದೆ. ಅಮೃತಶಿಲೆಯದು ವಿಶೇಷ ತೊಡಕು. ಬೆಳಕು ಅದರ ಹರಳುಗಳೊಳಗೆ ಸ್ವಲ್ಪ ಇಳಿದು, ಹರಡಿ ಹೊರಬರುವುದರಿಂದ, ಯಂತ್ರಕ್ಕೆ ಕಾಣುವ ಮೇಲ್ಮೈ ನಿಜವಾದ ಮೇಲ್ಮೈಗಿಂತ ಒಳಗಿರುತ್ತದೆ. ಈ ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಕೆಲವು ಭಾಗದಷ್ಟು ಮಾತ್ರವಾದರೂ, ಉಳಿಯ ಗುರುತುಗಳನ್ನು ಅಧ್ಯಯನ ಮಾಡುವವರು ಅದನ್ನು ಕಡೆಗಣಿಸುವಂತಿಲ್ಲ.

ನಾಲ್ಕನೆಯದು ತಾಪಮಾನ. ಬೃಹತ್ ವಸ್ತುವಿನ ಅಳತೆಯೇ ದಿನದ ವೇಳೆಯೊಡನೆ ಬದಲಾಗುತ್ತದೆ. 100 ಮೀಟರ್ ಉದ್ದದ ಉಕ್ಕಿನ ತೊಲೆಯ ಉಷ್ಣತೆ ಬೆಳಗಿನಿಂದ ಮಧ್ಯಾಹ್ನಕ್ಕೆ 20 ಡಿಗ್ರಿ ಸೆಲ್ಸಿಯಸ್ ಏರಿದರೆ, ಅದು ಸುಮಾರು 24 ಮಿಲಿಮೀಟರ್ ಹಿಗ್ಗುತ್ತದೆ. ಬೆಳಿಗ್ಗೆ ಒಂದು ತುದಿಯನ್ನೂ ಮಧ್ಯಾಹ್ನ ಮತ್ತೊಂದು ತುದಿಯನ್ನೂ ಸ್ಕ್ಯಾನ್ ಮಾಡಿ ಜೋಡಿಸಿದರೆ, ಯಂತ್ರ ಎಷ್ಟೇ ಉತ್ತಮವಾಗಿದ್ದರೂ ಪ್ರತಿರೂಪ ಸರಿಯಾಗಿರಲಾರದು. ಆದ್ದರಿಂದ ಅಳತೆಯ ಜೊತೆಯಲ್ಲಿ ಆ ಹೊತ್ತಿನ ತಾಪಮಾನವನ್ನೂ ಬರೆದಿಡುವುದು ಅವಶ್ಯಕ.

ತುಣುಕುಗಳ ಜೋಡಣೆ

ದೊಡ್ಡ ವಸ್ತುವನ್ನು ಒಂದೇ ಸ್ಥಳದಿಂದ ಪೂರ್ತಿಯಾಗಿ ನೋಡಲು ಸಾಧ್ಯವಿಲ್ಲ. ಗುಜರಾತಿನ ಪಾಟಣದಲ್ಲಿರುವ ‘ರಾಣಿ ಕಿ ವಾವ್’ ಎಂಬ ಮೆಟ್ಟಿಲುಬಾವಿಯನ್ನು ತೆಗೆದುಕೊಳ್ಳಬಹುದು. 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ, ಈಗಿನ ನೂರು ರೂಪಾಯಿಯ ನೋಟಿನ ಮೇಲೆ ಕಾಣುವ ಈ ಹನ್ನೊಂದನೆಯ ಶತಮಾನದ ರಚನೆ ಸುಮಾರು 64 ಮೀಟರ್ ಉದ್ದ, 20 ಮೀಟರ್ ಅಗಲ, 27 ಮೀಟರ್ ಆಳವಿದೆ. ಹಂತಹಂತವಾಗಿ ಕೆಳಗಿಳಿಯುವ ಮಂಟಪಗಳು, ಗೋಡೆಗಳ ತುಂಬ ಶಿಲ್ಪಗಳು. 2011ರಲ್ಲಿ ಸ್ಕಾಟ್ಲೆಂಡಿನ ತಜ್ಞರೂ ಅಮೆರಿಕದ ಸೈಆರ್ಕ್ ಸಂಸ್ಥೆಯೂ ಕೂಡಿ ಇದನ್ನು ಲೇಸರ್ ವಿಧಾನದಿಂದ ದಾಖಲಿಸಿದರು. ಇಂತಹ ಕಡೆ ಒಂದು ಶಿಲ್ಪ ಮತ್ತೊಂದನ್ನು ಮರೆಮಾಡುತ್ತದೆ. ಯಂತ್ರವನ್ನು ಹಲವಾರು ಸ್ಥಳಗಳಲ್ಲಿ ನಿಲ್ಲಿಸಿ ಅಳೆದು, ಬಳಿಕ ಆ ತುಣುಕುಗಳನ್ನೆಲ್ಲ ಒಂದಾಗಿ ಹೊಂದಿಸಬೇಕಾಗುತ್ತದೆ.

ಬೃಹತ್ ವಸ್ತುಗಳ ಪ್ರತಿರೂಪದಲ್ಲಿ ದೊಡ್ಡ ತಪ್ಪುಗಳು ಸಾಮಾನ್ಯವಾಗಿ ನುಸುಳುವುದು ಈ ಹಂತದಲ್ಲಿಯೇ. ಉದ್ದನೆಯ ಪ್ರಾಕಾರವೊಂದರಲ್ಲಿ ಇಪ್ಪತ್ತು ಜೋಡಣೆಗಳಿದ್ದು, ಪ್ರತಿಯೊಂದರಲ್ಲಿಯೂ ಎರಡು ಮಿಲಿಮೀಟರ್ ತಪ್ಪಿದೆಯೆಂದು ಭಾವಿಸೋಣ. ತಪ್ಪುಗಳು ಅತ್ತಿತ್ತ ಹಂಚಿಹೋದರೆ ಕೊನೆಯಲ್ಲಿ ಸುಮಾರು ಒಂಬತ್ತು ಮಿಲಿಮೀಟರ್ ವ್ಯತ್ಯಾಸ ನಿರೀಕ್ಷಿಸಬಹುದು. ಎಲ್ಲವೂ ಒಂದೇ ದಿಕ್ಕಿಗೆ ವಾಲಿದರೆ ಅದು 40 ಮಿಲಿಮೀಟರ್ ಆಗುತ್ತದೆ. ಪ್ರತಿ ಜೋಡಣೆಯೂ ಅಕ್ಕಪಕ್ಕದಲ್ಲಿ ನೋಡಿದಾಗ ನಿರ್ದೋಷವಾಗಿ ಕಾಣುವುದರಿಂದ ಈ ದೋಷವನ್ನು ಕಣ್ಣಿನಿಂದ ಪತ್ತೆಹಚ್ಚುವುದು ಕಷ್ಟ.

ಇದಕ್ಕೆ ಪರಿಹಾರ ಮೋಜಣಿಯ ಹಳೆಯ ನಿಯಮದಲ್ಲಿಯೇ ಇದೆ: ಮೊದಲು ಇಡೀ ಪ್ರದೇಶಕ್ಕೆ ಭದ್ರವಾದ ಚೌಕಟ್ಟು, ಅನಂತರ ಅದರೊಳಗಿನ ವಿವರ. ಸ್ಕ್ಯಾನಿಂಗಿಗೆ ಮುಂಚೆಯೇ ಟೋಟಲ್ ಸ್ಟೇಷನ್ ಯಂತ್ರದಿಂದ ಸುತ್ತಲೂ ನಿಯಂತ್ರಣ ಬಿಂದುಗಳನ್ನು ಗುರುತಿಸಿ, ಫಲಕಗಳನ್ನೂ ಗೋಳಗಳನ್ನೂ ನೆಟ್ಟು, ಪ್ರತಿ ತುಣುಕನ್ನೂ ಅವುಗಳಿಗೆ ಹೊಂದಿಸಲಾಗುತ್ತದೆ. ಹೊರಟ ಸ್ಥಳಕ್ಕೇ ಮರಳಿ ಬಂದು ಸುತ್ತು ಮುಗಿಸಿದಾಗ, ಕೂಡಿಬಂದ ದೋಷ ಎಷ್ಟೆಂಬುದು ತಾನಾಗಿಯೇ ಬಯಲಾಗುತ್ತದೆ.

ಬಿಂದುಗಳಿಂದ ಪ್ರತಿರೂಪಕ್ಕೆ

ಬಿಂದುಗಳ ರಾಶಿಯನ್ನು ಸಣ್ಣ ಸಣ್ಣ ತ್ರಿಕೋನಗಳಿಂದ ಹೆಣೆದು ಮೇಲ್ಮೈಯನ್ನು ರೂಪಿಸಲಾಗುತ್ತದೆ. ದಾವೀದನ ಪ್ರತಿಮೆಯಿಂದ ದೊರೆತ ತ್ರಿಕೋನಗಳ ಸಂಖ್ಯೆ ಸುಮಾರು 200 ಕೋಟಿ. ಈ ಹಂತದಲ್ಲಿ ಗಣಕಯಂತ್ರವು ಒರಟುತನವನ್ನು ಸವರಿ ನುಣುಪಾಗಿಸುತ್ತದೆ. ಕಿರಣ ತಲುಪದ ಸಂದುಗಳನ್ನು ಊಹೆಯಿಂದ ತುಂಬುತ್ತದೆ. ಹೀಗೆ ತುಂಬಿದ ಭಾಗ ಅಳತೆಯಲ್ಲ, ಕಲ್ಪನೆ. ಅದನ್ನು ಬೇರೆ ಬಣ್ಣದಿಂದ ಗುರುತಿಸದಿದ್ದರೆ ನೋಡುವವರಿಗೆ ಎರಡಕ್ಕೂ ಭೇದ ತಿಳಿಯುವುದಿಲ್ಲ.

ಅತಿಯಾದ ಅಚ್ಚುಕಟ್ಟು ಸತ್ಯವನ್ನು ಮರೆಸುವುದೂ ಉಂಟು. ಅಮೆರಿಕದ ಕಲಾ ಇತಿಹಾಸಕಾರ ಆ್ಯಂಡ್ರೂ ಟ್ಯಾಲನ್ ಅವರು 2010ರಲ್ಲಿ ಪ್ಯಾರಿಸ್ಸಿನ ನಾತ್ರ್ ದಾಮ್ ಚರ್ಚನ್ನು ಐವತ್ತಕ್ಕೂ ಹೆಚ್ಚು ಸ್ಥಾನಗಳಿಂದ ಸ್ಕ್ಯಾನ್ ಮಾಡಿ, 100 ಕೋಟಿಗೂ ಮೀರಿದ ಬಿಂದುಗಳನ್ನು ಸಂಗ್ರಹಿಸಿದರು. ಪಶ್ಚಿಮದ ಕೊನೆಯಲ್ಲಿ ಒಳಗಿನ ಕಂಬಗಳು ಸರಿಯಾದ ಸಾಲಿನಲ್ಲಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಆ ಕಟ್ಟಡವನ್ನು ಹೇಗೆ ಕಟ್ಟಲಾಯಿತೆಂಬುದಕ್ಕೆ ಈ ಸೊಟ್ಟತನವೇ ಸುಳಿವು. ಕಂಬಗಳು ನೇರವಾಗಿಯೇ ಇರಬೇಕೆಂದು ಭಾವಿಸಿ ಪ್ರತಿರೂಪವನ್ನು ತಿದ್ದಿದ್ದರೆ ಚಿತ್ರ ಅಂದವಾಗುತ್ತಿತ್ತು, ಇತಿಹಾಸ ಅಳಿಸಿಹೋಗುತ್ತಿತ್ತು.

ನಿಖರತೆಯ ಪರೀಕ್ಷೆ

ಯಂತ್ರವನ್ನು ಮಾರುವವರು ನೀಡುವ ನಿಖರತೆಯ ಅಂಕಿ ಪ್ರಯೋಗಾಲಯದ ಅನುಕೂಲಕರ ಸ್ಥಿತಿಗೆ ಸಂಬಂಧಿಸಿದ್ದು. ಬಿಸಿಲು, ಧೂಳು, ಗಾಳಿಗಳ ನಡುವೆ ಸಿದ್ಧವಾದ ಪ್ರತಿರೂಪಕ್ಕೆ ಅದೇ ಅಂಕಿ ಅನ್ವಯಿಸುವುದಿಲ್ಲ. ಪ್ರತಿರೂಪವನ್ನು ಪ್ರತ್ಯೇಕವಾಗಿಯೇ ಪರೀಕ್ಷಿಸಬೇಕು.

ಇದಕ್ಕೆ ನಂಬಲರ್ಹವಾದ ಕ್ರಮವೆಂದರೆ ಸ್ವತಂತ್ರ ತಪಾಸಣಾ ಬಿಂದುಗಳು. ಜೋಡಣೆಯಲ್ಲಿ ಬಳಸದ ಕೆಲವು ಬಿಂದುಗಳನ್ನು ಹೆಚ್ಚು ನಿಖರವಾದ ಬೇರೊಂದು ಯಂತ್ರದಿಂದ ಅಳೆದು, ಪ್ರತಿರೂಪದಲ್ಲಿ ಅವುಗಳ ಸ್ಥಾನದೊಡನೆ ಹೋಲಿಸಲಾಗುತ್ತದೆ. ಜೋಡಣೆಗೆ ಬಳಸಿದ ಬಿಂದುಗಳಿಂದಲೇ ಪರೀಕ್ಷಿಸುವುದು, ಪರೀಕ್ಷಾರ್ಥಿಯೇ ತನ್ನ ಉತ್ತರಪತ್ರಿಕೆಗೆ ಅಂಕ ಹಾಕಿಕೊಂಡಂತಾಗುತ್ತದೆ. ಪ್ರಮಾಣಿತ ದೋಷ ಮೂರು ಮಿಲಿಮೀಟರ್ ಎಂದು ವರದಿ ತಿಳಿಸಿದರೆ, ಎಲ್ಲ ಬಿಂದುಗಳೂ ಮೂರು ಮಿಲಿಮೀಟರಿನೊಳಗಿವೆ ಎಂದು ಅರ್ಥವಲ್ಲ. ಸಾಮಾನ್ಯವಾಗಿ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ ಆ ಮಿತಿಯೊಳಗಿದ್ದು, ನೂರಕ್ಕೆ ಐದರಷ್ಟು ಆರು ಮಿಲಿಮೀಟರನ್ನೂ ಮೀರಬಹುದು.

ಯಂತ್ರಗಳ ಪರೀಕ್ಷೆಗೂ ಅಂತರರಾಷ್ಟ್ರೀಯ ಕ್ರಮಗಳಿವೆ. 2018ರಲ್ಲಿ ಪ್ರಕಟವಾದ ಐಎಸ್‌ಒ 17123-9 ಎಂಬ ಮಾನಕವು ಸ್ಕ್ಯಾನರುಗಳನ್ನು ಕೆಲಸದ ಸ್ಥಳದಲ್ಲಿಯೇ ಪರೀಕ್ಷಿಸುವ ವಿಧಾನವನ್ನು ನಿರೂಪಿಸುತ್ತದೆ. ಮೀಟರ್ ಎಂಬ ಮಾನವನ್ನೂ 1983ರಿಂದ ಬೆಳಕಿನ ವೇಗದ ಆಧಾರದ ಮೇಲೆಯೇ ನಿರೂಪಿಸಲಾಗಿದೆ. ನಮ್ಮ ದೇಶದಲ್ಲಿ ಈ ಮಾನವನ್ನು ನವದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಕಾಯ್ದುಕೊಂಡು ಬರುತ್ತಿದೆ. ಕ್ಷೇತ್ರದಲ್ಲಿ ಬಳಸುವ ಅಳತೆಗೋಲು ಹಂತಹಂತವಾಗಿ ಇಂತಹ ರಾಷ್ಟ್ರೀಯ ಮಾನಕದೊಡನೆ ಹೋಲಿಕೆಯಾಗಿದ್ದರೆ ಮಾತ್ರ ಒಂದು ಊರಿನ ಮಿಲಿಮೀಟರ್ ಮತ್ತೊಂದು ಊರಿನ ಮಿಲಿಮೀಟರಿಗೆ ಸಮನಾಗಿರುತ್ತದೆ.

ಕೆಲಸ ಒಪ್ಪಿಸುವವರು ಗಮನಿಸಬೇಕಾದ ಅಂಶಗಳು

ಎಲ್ಲ ಕಾರ್ಯಗಳಿಗೂ ಒಂದೇ ನಿಖರತೆ ಬೇಕಿಲ್ಲ. ಪ್ರವಾಸಿಗರಿಗೆ ತೋರಿಸುವ ಚಿತ್ರಕ್ಕೆ ಕೆಲವು ಸೆಂಟಿಮೀಟರುಗಳ ತಪ್ಪಿದ್ದರೂ ನಡೆಯುತ್ತದೆ. ಕಟ್ಟಡದ ದುರಸ್ತಿಯ ನಕ್ಷೆಗೆ ಐದಾರು ಮಿಲಿಮೀಟರುಗಳ ನಿಖರತೆ ಬೇಕಾದೀತು. ಶಿಲ್ಪದ ಸವೆತವನ್ನು ವರ್ಷದಿಂದ ವರ್ಷಕ್ಕೆ ಗಮನಿಸಬೇಕಾದರೆ ಮಿಲಿಮೀಟರಿನ ಭಿನ್ನಾಂಶವೇ ಬೇಕು. ಅಗತ್ಯಕ್ಕಿಂತ ಹೆಚ್ಚಿನ ನಿಖರತೆ ಹಣದ ಅಪವ್ಯಯ. ಕಡಿಮೆಯಾದರೆ ಇಡೀ ಶ್ರಮವೇ ವ್ಯರ್ಥ. ಮೂರು ಮಿಲಿಮೀಟರ್ ದೋಷವಿರುವ ಎರಡು ಅಳತೆಗಳನ್ನು ಹೋಲಿಸಿ, ಗೋಡೆ ಎರಡು ಮಿಲಿಮೀಟರ್ ಬಾಗಿದೆ ಎಂದು ಹೇಳಲು ಬರುವುದಿಲ್ಲ.

ಆದುದರಿಂದ ದೇವಾಲಯದ ಆಡಳಿತ ಮಂಡಳಿ, ನಗರಸಭೆ, ವಸತಿ ಸಂಘ ಮೊದಲಾದವು ಇಂತಹ ಕೆಲಸವನ್ನು ಒಪ್ಪಿಸುವಾಗ ಕೆಳಗಿನ ವಿಷಯಗಳನ್ನು ಮುಂಚಿತವಾಗಿಯೇ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು:

1. ಪ್ರತಿರೂಪವನ್ನು ಯಾವ ಉದ್ದೇಶಕ್ಕೆ ಬಳಸಲಾಗುವುದು, ಅದಕ್ಕೆ ಬೇಕಾದ ನಿಖರತೆ ಎಷ್ಟು?

2. ನಿಯಂತ್ರಣ ಬಿಂದುಗಳ ಚೌಕಟ್ಟನ್ನು ಮೊದಲು ಸ್ಥಾಪಿಸಲಾಗುವುದೇ?

3. ಸ್ವತಂತ್ರ ತಪಾಸಣಾ ಬಿಂದುಗಳ ಫಲಿತಾಂಶವನ್ನು ವರದಿಯಲ್ಲಿ ನೀಡಲಾಗುವುದೇ?

4. ಅಳೆಯದೆ ಊಹೆಯಿಂದ ತುಂಬಿದ ಭಾಗಗಳನ್ನು ಗುರುತಿಸಲಾಗುವುದೇ?

5. ಮೂಲ ಬಿಂದುಗಳನ್ನು ‘ಇ57’ದಂತಹ, ಯಾವುದೇ ಒಂದು ಕಂಪನಿಗೆ ಸೀಮಿತವಲ್ಲದ ರೂಪದಲ್ಲಿ ಒಪ್ಪಿಸಲಾಗುವುದೇ?

ಕೊನೆಯ ಅಂಶ ಅತ್ಯಂತ ಮುಖ್ಯವಾದುದು. ತಯಾರಾದ ಚಿತ್ರ ಕೆಲವೇ ವರ್ಷಗಳಲ್ಲಿ ಹಳೆಯದಾಗಬಹುದು. ಮೂಲ ಬಿಂದುಗಳೂ ಅವುಗಳ ನಿಖರತೆಯ ವರದಿಯೂ ಉಳಿದರೆ ಮುಂದಿನ ಪೀಳಿಗೆ ಹೊಸ ಸಾಧನಗಳಿಂದ ಅವನ್ನು ಮತ್ತೆ ಬಳಸಿಕೊಳ್ಳಬಲ್ಲದು.

ಉಳಿಯುವ ಸಾಕ್ಷಿ

2019ರ ಏಪ್ರಿಲ್ 15ರಂದು ನಾತ್ರ್ ದಾಮ್ ಚರ್ಚಿಗೆ ಬೆಂಕಿ ತಗಲಿ, ಮರದ ಮೇಲ್ಛಾವಣಿಯೂ ಗೋಪುರವೂ ಕುಸಿದವು. ಟ್ಯಾಲನ್ ಅವರು ಅದಕ್ಕೆ ಕೆಲವೇ ತಿಂಗಳುಗಳ ಮೊದಲು, 2018ರಲ್ಲಿ ನಿಧನರಾಗಿದ್ದರು. ಆದರೆ ಅವರು ಅಳೆದಿಟ್ಟ ಬಿಂದುಗಳು ಉಳಿದಿದ್ದವು. ಇತರ ದಾಖಲೆಗಳೊಡನೆ ಅವೂ ಪುನರ್ನಿರ್ಮಾಣಕ್ಕೆ ನೆರವಾದವು. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು. ಉಗಾಂಡಾ ದೇಶದ ಕಸೂಬಿಯಲ್ಲಿರುವ ರಾಜಸಮಾಧಿಗಳನ್ನು ಸ್ಕ್ಯಾನ್ ಮಾಡಿದ್ದು 2009ರಲ್ಲಿ. ಅಲ್ಲಿನ ಮುಖ್ಯ ಕಟ್ಟಡ ಸುಟ್ಟುಹೋದದ್ದು 2010ರ ಮಾರ್ಚಿನಲ್ಲಿ.

ನಮ್ಮ ದೇಶದಲ್ಲಿಯೂ ಈ ದಿಕ್ಕಿನಲ್ಲಿ ಪ್ರಯತ್ನಗಳು ನಡೆದಿವೆ. ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಆಶ್ರಯದಲ್ಲಿ ಹಲವು ಸಂಸ್ಥೆಗಳು ಕೂಡಿ ಹಂಪೆಯ ಸ್ಮಾರಕಗಳ ಡಿಜಿಟಲ್ ದಾಖಲೆಗಳನ್ನು ಸಿದ್ಧಪಡಿಸಿರುವುದು ಇದಕ್ಕೆ ಉದಾಹರಣೆ.

ಕಲ್ಲು ಸವೆಯುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ, ಮರ ಬೆಂಕಿಗೆ ಆಹುತಿಯಾಗುತ್ತದೆ. ಮೂಲ ವಸ್ತು ಕಣ್ಣೆದುರಿಗೆ ಇರುವತನಕ ಪ್ರತಿರೂಪದ ತಪ್ಪನ್ನು ಮತ್ತೊಮ್ಮೆ ಅಳೆದು ತಿದ್ದಬಹುದು. ವಸ್ತುವೇ ಇಲ್ಲವಾದ ದಿನ ಆ ಅವಕಾಶವಿರುವುದಿಲ್ಲ. ಅಂದು ಅಳತೆಯೊಂದೇ ಸಾಕ್ಷಿ. ಆ ಸಾಕ್ಷಿಯನ್ನು ಎಷ್ಟು ನಂಬಬಹುದೆಂಬುದನ್ನು ಇಂದೇ ಪರೀಕ್ಷಿಸಿ ಬರೆದಿಡುವುದು ಅಳೆಯುವವರ ಹೊಣೆ. ಅದನ್ನು ಕೇಳಿ ಪಡೆಯುವುದು ಅಳೆಯಿಸುವವರ ಹೊಣೆ.